‘ನೀವು’ ಎಂದವರು ‘ನಾವು’ ಎಂದಾಗ: ಕಮೂ ಅವರ ‘ಪ್ಲೇಗ್’ ಕಾದಂಬರಿಯಲ್ಲಿ ವಿಶ್ವಾಸದ ವಾಗ್ವಾದ

ಆಲ್ಬರ್ಟ್ ಕಮೂ ಅವರು 1947ರಲ್ಲಿ ಪ್ರಕಟಿಸಿದ ‘ಪ್ಲೇಗ್’ ಕಾದಂಬರಿಯನ್ನು 2020ರಲ್ಲಿ ಜಗತ್ತು ಮತ್ತೊಮ್ಮೆ ಕೈಗೆತ್ತಿಕೊಂಡಿತು. ಇಟಲಿ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಅದರ ಮಾರಾಟ ಒಮ್ಮೆಲೇ ಏರಿತು. ಅಲ್ಜೀರಿಯದ ಕರಾವಳಿಯ ಒರಾನ್ ನಗರದ ಬಾಗಿಲುಗಳು ಮುಚ್ಚಿದ ಕಥೆಯಲ್ಲಿ ಓದುಗರು ತಮ್ಮ ಬೀದಿಯ ಮೌನವನ್ನು ಗುರುತಿಸಿಕೊಂಡರು. ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಆ ಕಾದಂಬರಿ ಒಡ್ಡುವ ಪ್ರಶ್ನೆ ಮಾತ್ರ ಬೇರೆಯದು. ದೇವರನ್ನು ನಂಬದ ಲೇಖಕರೊಬ್ಬರು ತಮ್ಮ ಕೃತಿಯಲ್ಲಿ ಯೇಸುಸಭೆಯ ಗುರುವೊಬ್ಬರನ್ನು ಪೀಠದ ಮೇಲೆ ನಿಲ್ಲಿಸಿ, ಅವರಿಂದ ಎರಡು ಪ್ರಬೋಧನೆಗಳನ್ನು ಮಾಡಿಸಿ, ಅವುಗಳ ನಡುವೆ ಒಂದು ಮಗುವಿನ ಸಾವನ್ನು ಇಟ್ಟಿದ್ದಾರೆ. ಮಾರಿ ಹಬ್ಬಿರುವಾಗ ವಿಶ್ವಾಸವನ್ನು ಕುರಿತು ವಾದಿಸುವುದು ಸಲ್ಲುವುದೆ? ವಾದಿಸಿಯೂ ವಿಶ್ವಾಸಿಯನ್ನು ಗೌರವಿಸಲು ಸಾಧ್ಯವೆ? ಈ ಲೇಖನ ಆ ಪ್ರಶ್ನೆಗಳನ್ನು ಹಿಡಿದು ಕಾದಂಬರಿಯನ್ನು ಓದುವ ಪ್ರಯತ್ನ.

ಇದು ನನಗೆ ಪುಸ್ತಕದ ಪ್ರಶ್ನೆಯಷ್ಟೇ ಅಲ್ಲ ಎಂಬುದನ್ನು ಮೊದಲೇ ನಿವೇದಿಸಿಕೊಳ್ಳಬೇಕು. 2020ರ ಲಾಕ್‌ಡೌನ್ ದಿನಗಳಲ್ಲಿ ಖಾಲಿ ದೇವಾಲಯದಲ್ಲಿ ಮೊಬೈಲ್ ಕ್ಯಾಮೆರಾದ ಮುಂದೆ ಬಲಿಪೂಜೆ ಅರ್ಪಿಸುತ್ತಿದ್ದಾಗ, ದೇವರನ್ನು ಮರೆತ ಜಗತ್ತಿಗೆ ಈ ರೋಗ ಒಂದು ಎಚ್ಚರಿಕೆಯ ಏಟು ಎಂಬ ಅರ್ಥದ ಪ್ರಬೋಧನೆಯೊಂದನ್ನು ನಾನೂ ಮಾಡಿದ್ದೆ. ಅಂದು ರಾತ್ರಿ, ಕೋವಿಡ್ ವಾರ್ಡಿನಲ್ಲಿ ದುಡಿಯುತ್ತಿದ್ದ ನಮ್ಮ ಧರ್ಮಕೇಂದ್ರದ ದಾದಿಯೊಬ್ಬರು ಫೋನ್ ಮಾಡಿದರು. “ಫಾದರ್, ನೀವು ಇವತ್ತು ಹೇಳಿದ್ದು ಯಾರಿಗೆ? ನನ್ನ ವಾರ್ಡಿನಲ್ಲಿ ಉಸಿರು ಸಿಗದೆ ಮಲಗಿರುವವರಿಗಾ?” ಎಂದು ಕೇಳಿದರು. ಅವರ ದನಿಯಲ್ಲಿ ಕೋಪಕ್ಕಿಂತ ಆಯಾಸವಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಕಮೂ ಅವರ ಕಾದಂಬರಿಯನ್ನು ಮತ್ತೆ ತೆರೆದಾಗ, ನಾನು ಮಾಡಿದ್ದು ಫಾದರ್ ಪನೆಲೂ ಅವರ ಮೊದಲನೆಯ ಪ್ರಬೋಧನೆಯನ್ನೇ ಎಂಬುದು ಸ್ಪಷ್ಟವಾಯಿತು.

ಮೊದಲನೆಯ ಪ್ರಬೋಧನೆ

ಪನೆಲೂ ವಿದ್ವಾಂಸರು. ಸಂತ ಅಗಸ್ಟೀನರನ್ನೂ ಪ್ರಾಚೀನ ಆಫ್ರಿಕದ ಧರ್ಮಸಭೆಯನ್ನೂ ಅಧ್ಯಯನ ಮಾಡಿದವರು. ಪ್ಲೇಗ್ ಹಬ್ಬಿದ ಮೊದಲ ದಿನಗಳಲ್ಲಿ ಒರಾನಿನ ಧರ್ಮಸಭೆ ಒಂದು ವಾರದ ಪ್ರಾರ್ಥನೆಯನ್ನು ಏರ್ಪಡಿಸುತ್ತದೆ. ಅದರ ಕೊನೆಯ ದಿನ, ಹೊರಗೆ ಮಳೆ ಸುರಿಯುತ್ತಿರುವಾಗ, ಕಿಕ್ಕಿರಿದ ಪ್ರಧಾನಾಲಯದಲ್ಲಿ ಪನೆಲೂ ಮಾತನಾಡುತ್ತಾರೆ. ಜನರು ಸಂಕಟದಲ್ಲಿದ್ದಾರೆ, ಆ ಸಂಕಟಕ್ಕೆ ಅವರು ಅರ್ಹರೇ ಆಗಿದ್ದಾರೆ ಎಂಬುದು ಅವರ ಆರಂಭದ ಮಾತಿನ ಸಾರ. ಕಣದಲ್ಲಿ ಧಾನ್ಯವನ್ನೂ ಹೊಟ್ಟನ್ನೂ ಬೇರ್ಪಡಿಸುವ ಬಡಿಗೋಲಿನಂತೆ ಪ್ಲೇಗ್ ನಗರದ ಮೇಲೆ ಬೀಸುತ್ತಿದೆ ಎಂಬ ಚಿತ್ರವನ್ನು ಅವರು ಕಟ್ಟುತ್ತಾರೆ. ಪ್ರಬೋಧನೆಯ ಉದ್ದಕ್ಕೂ ಅವರು ಬಳಸುವ ಸರ್ವನಾಮ ‘ನೀವು’.

ಈ ಪ್ರಬೋಧನೆಯನ್ನು ಕೇವಲ ಕ್ರೂರವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಒಂದೊಂದು ತುಣುಕಿಗೂ ಪವಿತ್ರ ಗ್ರಂಥದಲ್ಲಿ ಆಧಾರ ತೋರಿಸಬಹುದು. ಈಜಿಪ್ಟಿನ ಪಿಡುಗುಗಳೂ ಪ್ರವಾದಿಗಳ ಎಚ್ಚರಿಕೆಗಳೂ ಅಲ್ಲಿವೆ. ಪಶ್ಚಾತ್ತಾಪದ ಕರೆಯಂತೂ ಶುಭಸಂದೇಶದ ಮೊದಲ ಮಾತು. ಹಾಗಾದರೆ ತಪ್ಪಿರುವುದೆಲ್ಲಿ? ಸಂತ ಲೂಕರ ಶುಭಸಂದೇಶದ ಹದಿಮೂರನೆಯ ಅಧ್ಯಾಯ ನಮಗೆ ಇಲ್ಲಿ ಸಹಾಯಕವಾಗಿದೆ. ಸಿಲೋವದ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತ ಪ್ರಸಂಗವನ್ನು ಯೇಸುವೇ ಎತ್ತುತ್ತಾರೆ. ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೆಂಬ ಎಣಿಕೆಯನ್ನು ಅವರು ನಿರಾಕರಿಸುತ್ತಾರೆ. ಅದರ ಬೆನ್ನಲ್ಲೇ ಎದುರಿಗಿರುವ ಶ್ರೋತೃಗಳನ್ನು ಪಶ್ಚಾತ್ತಾಪಕ್ಕೆ ಕರೆಯುತ್ತಾರೆ. ಇಲ್ಲಿ ಕರೆ ಬದುಕಿರುವವರಿಗೆ ಸಂದಿದೆಯೇ ಹೊರತು, ಅದು ಸತ್ತವರ ಸಾವಿಗೆ ಕೊಟ್ಟ ವಿವರಣೆಯಲ್ಲ. ಪನೆಲೂ ಈ ಎರಡನ್ನು ಒಂದಾಗಿಸುತ್ತಾರೆ. ಪಶ್ಚಾತ್ತಾಪಕ್ಕೆ ಕರೆಯಲು ಹೋಗಿ ಸಾವಿಗೆ ಕಾರಣ ಹೇಳಿಬಿಡುತ್ತಾರೆ. ಹುಟ್ಟುಕುರುಡನ ಬಗ್ಗೆ ಶಿಷ್ಯರು ಕೇಳಿದ ಪ್ರಶ್ನೆಯಲ್ಲೂ ಇದೇ ದೋಷವಿತ್ತು. ಯೋಬನ ಗೆಳೆಯರ ದೋಷವೂ ಇದೇ. ಆ ಗೆಳೆಯರು ಬೂದಿಯ ಮೇಲೆ ಕುಳಿತಿದ್ದ ಯೋಬನ ಪಕ್ಕದಲ್ಲಿ ಏಳು ದಿನ ಮಾತಿಲ್ಲದೆ ಕುಳಿತಿದ್ದರು. ಅವರ ದೈವಶಾಸ್ತ್ರ ಸರಿಯಾಗಿದ್ದದ್ದು ಆ ಏಳು ದಿನ ಮಾತ್ರ ಎಂದರೆ ತಪ್ಪಾಗದು.

ಡಾಕ್ಟರ್ ರಿಯೂ ಈ ಪ್ರಬೋಧನೆಗೆ ಪ್ರತಿಕ್ರಿಯಿಸುವ ರೀತಿ ಗಮನಾರ್ಹ. ಅವರು ದೇವರನ್ನು ನಂಬುವುದಿಲ್ಲ. ಆದರೂ ಗೆಳೆಯ ತಾರೂ ಕೇಳಿದಾಗ ಅವರು ಪನೆಲೂ ಅವರನ್ನು ಹಳಿಯುವುದಿಲ್ಲ. ಕ್ರೈಸ್ತರು ಕೆಲವೊಮ್ಮೆ ಹೀಗೆ ಮಾತನಾಡುತ್ತಾರೆ, ಆದರೆ ತಮ್ಮ ಮಾತಿಗಿಂತ ಅವರು ಒಳ್ಳೆಯವರು ಎಂಬರ್ಥದ ಉತ್ತರ ಕೊಡುತ್ತಾರೆ. ಪನೆಲೂ ಪುಸ್ತಕಗಳ ನಡುವೆ ಬದುಕಿದವರು, ಸಾವನ್ನು ಸಾಕಷ್ಟು ಕಂಡವರಲ್ಲ. ಸಾಯುವವನ ಉಸಿರಾಟವನ್ನು ಕೇಳಿದ ಹಳ್ಳಿಯ ಬಡಗುರು ತನ್ನಂತೆಯೇ ಯೋಚಿಸುತ್ತಾನೆ, ನೋವಿನ ಮಹಿಮೆಯನ್ನು ಬಣ್ಣಿಸುವ ಮೊದಲು ನೋವನ್ನು ಕಡಿಮೆ ಮಾಡಲು ನೋಡುತ್ತಾನೆ ಎನ್ನುವುದು ಅವರ ಎಣಿಕೆ. ರಿಯೂ ಖಂಡಿಸುತ್ತಿರುವುದು ಮಾತನ್ನು. ಮನುಷ್ಯನಿಗೆ ಬದಲಾಗುವ ಅವಕಾಶವನ್ನು ಅವರು ಉಳಿಸಿಡುತ್ತಾರೆ. ವಿಶ್ವಾಸಿಯನ್ನು ಗೌರವಿಸುವುದೆಂದರೆ ಅವನ ಮಾತನ್ನು ವಿಮರ್ಶೆಯಿಂದ ಕಾಪಾಡುವುದಲ್ಲ, ಅವನನ್ನು ಅವನ ಅತ್ಯಂತ ದುರ್ಬಲ ಮಾತಿಗೆ ಇಳಿಸದಿರುವುದು ಎಂಬ ಪಾಠ ಇಲ್ಲಿದೆ.

ಮಗುವಿನ ಹಾಸಿಗೆಯ ಬಳಿ

ತಾರೂ ಕಟ್ಟಿದ ಸ್ವಯಂಸೇವಕರ ದಳವನ್ನು ಪನೆಲೂ ಸೇರುತ್ತಾರೆ. ಪೀಠದಿಂದ ಇಳಿದು ಆಸ್ಪತ್ರೆಗೆ ಬರುತ್ತಾರೆ. ನ್ಯಾಯಾಧೀಶ ಒಥೋನ್ ಅವರ ಚಿಕ್ಕ ಮಗನಿಗೆ ಹೊಸ ಸೀರಮ್ ಕೊಟ್ಟು ನೋಡುತ್ತಿರುವಾಗ ಅವರೂ ಹಾಸಿಗೆಯ ಬಳಿ ಇದ್ದಾರೆ. ಈ ಮಗುವನ್ನು ಉಳಿಸು ಎಂದು ಮೊಣಕಾಲೂರಿ ದೇವರನ್ನು ಬೇಡುತ್ತಾರೆ. ಮಗು ಉಳಿಯುವುದಿಲ್ಲ. ಹೊರಗೆ ಧಾವಿಸುವ ರಿಯೂ, ಈ ಮಗುವಾದರೂ ನಿರ್ದೋಷಿಯಾಗಿತ್ತೆಂಬುದು ನಿಮಗೆ ಗೊತ್ತಿದೆ ಎಂದು ಪನೆಲೂ ಅವರ ಮೇಲೆ ಹರಿಹಾಯುತ್ತಾರೆ. ಬಳಿಕ ಅಂಗಳದ ಬೆಂಚಿನ ಮೇಲೆ ಕುಳಿತು, ಆ ಸಿಟ್ಟಿಗಾಗಿ ಕ್ಷಮೆ ಕೇಳುತ್ತಾರೆ. ಪನೆಲೂ ಅವರ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ.

ಮುಂದಿನ ಸಂಭಾಷಣೆ, ಮಹಾಮಾರಿಯ ನಡುವೆ ವಿಶ್ವಾಸದ ಚರ್ಚೆ ಹೇಗೆ ನಡೆಯಬೇಕೆಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ನಿದರ್ಶನ. ನಮಗೆ ಅರ್ಥವಾಗದ್ದನ್ನೂ ಬಹುಶಃ ನಾವು ಪ್ರೀತಿಸಬೇಕು ಎನ್ನುತ್ತಾರೆ ಗುರು. ಮಕ್ಕಳು ಹಿಂಸೆಪಡುವ ಈ ಸೃಷ್ಟಿಯನ್ನು ಕೊನೆಯುಸಿರಿನವರೆಗೂ ಪ್ರೀತಿಸಲಾರೆ ಎನ್ನುತ್ತಾರೆ ಡಾಕ್ಟರ್. ಯಾರೂ ತಮ್ಮ ನಿಲುವನ್ನು ಸಡಿಲಿಸುವುದಿಲ್ಲ. ಎಲ್ಲ ಧರ್ಮಗಳೂ ಒಂದೇ, ಎಲ್ಲ ಉತ್ತರಗಳೂ ಸರಿ ಎಂಬ ಸುಲಭ ಸಮಾಧಾನವೂ ಇಲ್ಲಿಲ್ಲ. ಆದರೂ ದೇವನಿಂದೆ, ಪ್ರಾರ್ಥನೆ ಎರಡರ ಆಚೆಗೆ ತಮ್ಮನ್ನು ಕೂಡಿಸುವ ಕೆಲಸವೊಂದಿದೆ ಎಂದು ರಿಯೂ ಹೇಳುತ್ತಾರೆ. ನೀವೂ ಮನುಷ್ಯನ ಉದ್ಧಾರಕ್ಕಾಗಿಯೇ ದುಡಿಯುತ್ತಿದ್ದೀರಿ ಎಂದು ಪನೆಲೂ ಹೇಳಿದಾಗ, ಉದ್ಧಾರ ದೊಡ್ಡ ಮಾತು, ತನಗೆ ಬೇಕಾಗಿರುವುದು ಆರೋಗ್ಯ ಎಂದು ಅವರು ತಿದ್ದುತ್ತಾರೆ. ಕೊನೆಗೆ ಗುರುವಿನ ಕೈಹಿಡಿದು, ಈಗ ದೇವರೂ ನಮ್ಮನ್ನು ಅಗಲಿಸಲಾರ ಎಂಬ ಅರ್ಥದ ಮಾತನ್ನಾಡುತ್ತಾರೆ. ಭಿನ್ನಾಭಿಪ್ರಾಯವನ್ನು ಮರೆಮಾಡದೆ ಇಟ್ಟುಕೊಂಡೇ ಇಬ್ಬರು ಜೊತೆಯಾಗಿ ದುಡಿಯಬಲ್ಲರು. ಇಬ್ಬರೂ ಅದೇ ಹಾಸಿಗೆಯ ಬಳಿ ರಾತ್ರಿ ಕಳೆದಿರುವುದರಿಂದ ಅದು ಸಾಧ್ಯವಾಗಿದೆ.

ಎರಡನೆಯ ಪ್ರಬೋಧನೆ ಗಾಳಿ ಬೀಸುತ್ತಿರುವ ಒಂದು ದಿನ ನಡೆಯುತ್ತದೆ. ಜನ ಕಡಿಮೆ. ಪನೆಲೂ ಅವರ ದನಿ ಮೆತ್ತಗಾಗಿದೆ. ಅವರು ಈಗ ‘ನೀವು’ ಎನ್ನುವುದಿಲ್ಲ, ‘ನಾವು’ ಎನ್ನುತ್ತಾರೆ. ಕಾದಂಬರಿಯ ನಿರೂಪಕ ಈ ವ್ಯತ್ಯಾಸವನ್ನು ವಿಶೇಷವಾಗಿ ಗುರುತಿಸಿ ಹೇಳುತ್ತಾನೆ. ಮಗುವಿನ ನೋವಿಗೆ ಪರಲೋಕದಲ್ಲಿ ಪರಿಹಾರವಿದೆ ಎಂದು ಹೇಳಿ ಪಾರಾಗುವುದು ಸುಲಭ, ಆದರೆ ತಾವು ಹಾಗೆ ಹೇಳಲಾರೆವು ಎಂದು ಪನೆಲೂ ಒಪ್ಪಿಕೊಳ್ಳುತ್ತಾರೆ. ಶಿಲುಬೆ ಸೂಚಿಸುವ ಸೀಳಿಗೆ ನಿಷ್ಠರಾಗಿ, ಗೋಡೆಯ ಬುಡದಲ್ಲಿಯೇ ನಿಲ್ಲುವುದನ್ನು ಆರಿಸಿಕೊಳ್ಳುತ್ತಾರೆ. ಸಿದ್ಧಾಂತದ ದೃಷ್ಟಿಯಿಂದ ಎರಡನೆಯ ಪ್ರಬೋಧನೆ ಮೊದಲನೆಯದಕ್ಕಿಂತ ಮೃದುವಲ್ಲ, ಇನ್ನೂ ಕಠಿಣ. ಬದಲಾಗಿರುವುದು ಬೋಧಕ ನಿಂತಿರುವ ಸ್ಥಳ. ದೇವರ ವಾಕ್ಯ ಮನುಷ್ಯನಾಗಿ ನಮ್ಮ ನಡುವೆ ನೆಲೆಸಿತು ಎಂದು ಸಾರುವ ಧರ್ಮಸಭೆಗೆ ಸರ್ವನಾಮದ ಈ ಬದಲಾವಣೆ ಕೇವಲ ವ್ಯಾಕರಣದ ವಿಷಯವಲ್ಲ.

ಕಮೂ ಅವರ ಗೌರವ, ಅದರ ಮಿತಿ

ತಮ್ಮ ಎದುರಾಳಿಗೆ ಇಷ್ಟು ಘನತೆಯನ್ನು ಕಮೂ ಏಕೆ ಕೊಟ್ಟರು? ಎರಡನೆಯ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಪ್ಯಾರಿಸಿನ ದೊಮಿನಿಕನ್ ಮಠದಲ್ಲಿ ಅವರು ಮಾಡಿದ ಭಾಷಣ ಇದಕ್ಕೆ ಉತ್ತರ ಕೊಡುತ್ತದೆ. ಕ್ರೈಸ್ತ ಸತ್ಯ ಭ್ರಮೆಯೆಂಬ ಪೂರ್ವನಿರ್ಧಾರದಿಂದ ತಾವು ಹೊರಡುವುದಿಲ್ಲ, ತಮಗೆ ಅದರೊಳಗೆ ಪ್ರವೇಶ ಸಿಗಲಿಲ್ಲ ಅಷ್ಟೆ ಎಂದು ಅವರು ಅಲ್ಲಿ ಹೇಳಿದರು. ಕಥೋಲಿಕ ಲೇಖಕ ಫ್ರಾನ್ಸ್ವಾ ಮೊರಿಯಾಕ್ ಅವರೊಡನೆ ನಡೆದ ಸಾರ್ವಜನಿಕ ವಿವಾದದಲ್ಲಿ ಮೊರಿಯಾಕ್ ಅವರೇ ಸರಿಯೆಂದು ತಮಗೆ ಅನಂತರ ತೋರಿದ್ದನ್ನು ಮುಚ್ಚಿಡಲಿಲ್ಲ. ಅದೇ ಉಸಿರಿನಲ್ಲಿ, ಯುದ್ಧಕಾಲದ ಘೋರ ವರ್ಷಗಳಲ್ಲಿ ರೋಮಿನಿಂದ ಎಲ್ಲರಿಗೂ ತಿಳಿಯುವಂಥ ಸ್ಪಷ್ಟವಾದ ದನಿಗಾಗಿ ತಾವು ಕಾದಿದ್ದುದನ್ನೂ ಅದು ಕೇಳಿಸದಿದ್ದುದನ್ನೂ ಸಂಕೋಚವಿಲ್ಲದೆ ಹೇಳಿದರು. ಸಂಭಾಷಣೆಗೆ ಬರುವ ಕ್ರೈಸ್ತರು ಕ್ರೈಸ್ತರಾಗಿಯೇ ಉಳಿಯಬೇಕೆಂಬುದು ಅವರ ಅಪೇಕ್ಷೆ. ವಿಶ್ವಾಸಿಯಿಂದ ಅವನ ವಿಶ್ವಾಸಕ್ಕೆ ತಕ್ಕುದನ್ನೇ ಕೇಳುವುದು ಅವರು ತೋರಿದ ಗೌರವ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನದಲ್ಲಿ, ನಾಸ್ತಿಕತೆ ಹುಟ್ಟುವುದರಲ್ಲಿ ವಿಶ್ವಾಸಿಗಳ ಪಾಲೂ ಇದೆಯೆಂದು ಒಪ್ಪಿಕೊಂಡು, ಜಗತ್ತನ್ನು ಕಟ್ಟುವ ಕೆಲಸದಲ್ಲಿ ನಂಬುವವರೂ ನಂಬದವರೂ ಜೊತೆಗೂಡಬೇಕೆಂದು ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ಆದರೂ ಕಮೂ ಅವರ ಗೌರವಕ್ಕೆ ಮಿತಿಗಳಿವೆ. ಪನೆಲೂ ಕೊನೆಯಲ್ಲಿ ಕಾಯಿಲೆ ಬೀಳುತ್ತಾರೆ. ಗುರುವೊಬ್ಬ ವೈದ್ಯರನ್ನು ಕರೆಯಬಹುದೆ ಎಂಬ ಪ್ರಶ್ನೆಯನ್ನು ಕುರಿತು ಅವರು ಪ್ರಬಂಧವೊಂದನ್ನು ಬರೆಯುತ್ತಿದ್ದರು. ತಮ್ಮ ತರ್ಕಕ್ಕೆ ನಿಷ್ಠರಾಗಿ ವೈದ್ಯರನ್ನು ನಿರಾಕರಿಸುತ್ತಾರೆ. ಶಿಲುಬೆಯನ್ನು ಹಿಡಿದು ಸಾಯುತ್ತಾರೆ. ಪ್ಲೇಗಿನ ಲಕ್ಷಣಗಳು ಖಚಿತವಾಗಿರಲಿಲ್ಲವಾದ್ದರಿಂದ ಅವರ ಚೀಟಿಯ ಮೇಲೆ ಸಂದೇಹಾಸ್ಪದ ಎಂದು ಬರೆಯಲಾಗುತ್ತದೆ. ಪೂರ್ಣ ವಿಶ್ವಾಸವೆಂದರೆ ಔಷಧದ ನಿರಾಕರಣೆ ಎಂಬ ಈ ಸಮೀಕರಣ ಕಮೂ ಅವರದು, ನಮ್ಮ ಪರಂಪರೆಯದಲ್ಲ. ಸಿರಾಖನ ಗ್ರಂಥದ ಮೂವತ್ತೆಂಟನೆಯ ಅಧ್ಯಾಯ ವೈದ್ಯರನ್ನು ದೇವರ ಸೃಷ್ಟಿಯೆಂದೇ ಗೌರವಿಸುತ್ತದೆ. 1576ರಲ್ಲಿ ಮಿಲಾನ್ ನಗರಕ್ಕೆ ಪ್ಲೇಗ್ ಬಂದಾಗ ಮಹಾಧರ್ಮಾಧ್ಯಕ್ಷ ಸಂತ ಚಾರ್ಲ್ಸ್ ಬೊರೊಮಿಯೊ ರೋಗಿಗಳ ನಡುವೆ ಓಡಾಡಿದರು. ಮನೆಯಿಂದ ಹೊರಬರಲಾಗದ ಜನರು ಕಿಟಕಿಗಳಿಂದಲೇ ಬಲಿಪೂಜೆಯಲ್ಲಿ ಭಾಗವಹಿಸಲೆಂದು ಬೀದಿ ಕೂಡುವಲ್ಲಿ ಪೀಠಗಳನ್ನು ಇರಿಸಿದರು. ಎಚ್ಚರಿಕೆ ಅವಿಶ್ವಾಸವಲ್ಲವೆಂದು ಅವರಿಗೆ ತಿಳಿದಿತ್ತು. ಪನೆಲೂ ತಮಗೆ ನಿರಾಕರಿಸಿಕೊಂಡ ಇನ್ನೊಂದು ಸಂಪತ್ತು ಪ್ರಲಾಪ. ಕೀರ್ತನೆಗಳ ಗ್ರಂಥದಲ್ಲಿ ವಿಶ್ವಾಸಿ ದೇವರನ್ನು ಪ್ರಶ್ನಿಸುತ್ತಾನೆ, ದೂರುತ್ತಾನೆ. ಶಿಲುಬೆಯ ಮೇಲಿಂದ ಯೇಸುವೂ ಅಂಥ ಕೀರ್ತನೆಯೊಂದನ್ನೇ ಕೂಗಿದರು. ಎಲ್ಲವನ್ನೂ ಪ್ರೀತಿಸುವುದು ಇಲ್ಲವೇ ಎಲ್ಲವನ್ನೂ ದ್ವೇಷಿಸುವುದು ಎಂಬ ಎರಡೇ ದಾರಿಗಳ ನಡುವೆ ಪನೆಲೂ ಸಿಕ್ಕಿಬೀಳುತ್ತಾರೆ. ದೇವರೊಡನೆ ಜಗಳವಾಡುತ್ತಲೇ ದೇವರನ್ನು ಬಿಡದಿರುವ ಮೂರನೆಯ ದಾರಿ ಕಾದಂಬರಿಗೆ ಕಾಣಿಸುವುದಿಲ್ಲ.

ಆ ದಾರಿಯ ಸುಳಿವು ಕಾದಂಬರಿಯಲ್ಲಿಯೇ ಇದೆ, ಆದರೆ ಲೇಖಕರು ಅದನ್ನು ತುಸು ನಗುತ್ತಾ ದಾಟುತ್ತಾರೆ. ಕೊನೆಯ ದಿನಗಳಲ್ಲಿ ಪನೆಲೂ ಒಬ್ಬ ಮುದುಕಿಯ ಮನೆಯಲ್ಲಿ ತಂಗಿರುತ್ತಾರೆ. ಆಕೆ ಸಂತ ಓಡಿಲರ ಹೆಸರಿನಲ್ಲಿ ಹರಿದಾಡುವ ಭವಿಷ್ಯವಾಣಿಗಳನ್ನು ನಂಬುವವಳು. ಪಂಡಿತರಾದ ಪನೆಲೂ ಅದನ್ನು ಒಪ್ಪದೆ ಆಕೆಯ ಅಸಮಾಧಾನಕ್ಕೆ ಗುರಿಯಾಗುತ್ತಾರೆ. ಆದರೆ ಅವರು ಜ್ವರದಿಂದ ಮಲಗಿದಾಗ ಡಾಕ್ಟರನ್ನು ಕರೆಯೋಣವೆಂದು ಹೇಳುವವಳೂ, ಅವರು ಒಪ್ಪದಿದ್ದರೂ ಮರುದಿನ ರಿಯೂಗೆ ಹೇಳಿಕಳಿಸುವವಳೂ ಅವಳೇ. ಗುರುವಿನ ಪ್ರಬಂಧಕ್ಕೆ ಉತ್ತರ ಅಡುಗೆಮನೆಯಲ್ಲಿಯೇ ಇತ್ತು. ಸಂತರಿಗೆ ಹರಕೆ ಹೊತ್ತು, ಔಷಧವನ್ನೂ ಕೊಳ್ಳುವ ಈ ಸಾಮಾನ್ಯ ವಿಶ್ವಾಸಿಯನ್ನು ನಾಸ್ತಿಕ ವಿಮರ್ಶಕರೂ ದೈವಶಾಸ್ತ್ರಜ್ಞರೂ ಒಟ್ಟಿಗೇ ಕಡೆಗಣಿಸುತ್ತಾರೆ. ಪ್ಲೇಗಿನ ಕಾಲದಲ್ಲಿ ಕನ್ನಡ ನಾಡಿನ ಊರುಗಳಲ್ಲಿ ಪ್ಲೇಗಮ್ಮನಿಗೆ ಗುಡಿ ಕಟ್ಟಿದವರನ್ನು ಕುರಿತ ನಮ್ಮ ನಗೆಯಲ್ಲೂ ಇದೇ ಅಹಂಕಾರವಿದೆ.

ಮತ್ತೊಂದು ಕೊರತೆಯನ್ನು ಅನೇಕ ವಿಮರ್ಶಕರು ಗುರುತಿಸಿದ್ದಾರೆ. ಒರಾನ್ ಅಲ್ಜೀರಿಯದ ನಗರ. ಆದರೆ ಕಾದಂಬರಿಯಲ್ಲಿ ಅರಬ್ ಮುಸ್ಲಿಮರು ಇಲ್ಲವೆಂಬಷ್ಟು ಕಡಿಮೆ. ಅರಬರ ಜೀವನಸ್ಥಿತಿಯನ್ನು ವರದಿ ಮಾಡಲು ಬಂದ ಪತ್ರಕರ್ತ ರಾಂಬೇರ್ ಆ ಕೆಲಸವನ್ನು ಕೈಗೊಳ್ಳುವುದೇ ಇಲ್ಲ. ಅವರಲ್ಲಿ ಎಷ್ಟು ಮಂದಿ ಸತ್ತರು, ಅವರು ಹೇಗೆ ಪ್ರಾರ್ಥಿಸಿದರು ಎಂಬುದು ನಮಗೆ ತಿಳಿಯುವುದಿಲ್ಲ. ವಿಶ್ವಾಸವನ್ನು ಕುರಿತ ಇಷ್ಟು ಗಂಭೀರವಾದ ವಾಗ್ವಾದದಲ್ಲಿ ನೆರೆಮನೆಯ ವಿಶ್ವಾಸಿಗೆ ಮಾತೇ ಇಲ್ಲ.

ಶವದ ಮುಂದೆ ಶಾಸ್ತ್ರ

ಇಲ್ಲಿ ಕನ್ನಡದ ಓದುಗರಿಗೆ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ನೆನಪಾಗದೆ ಇರದು. ವ್ಯಾಟಿಕನ್ ಮಹಾಸಭೆ ಮುಗಿದ 1965ರಲ್ಲಿಯೇ ಪ್ರಕಟವಾದ ಈ ಕಾದಂಬರಿಯಲ್ಲೂ ಇಲಿಗಳು ಸಾಯುತ್ತವೆ. ಶಿವಮೊಗ್ಗೆಗೆ ಹೋಗಿ ಜ್ವರ ಹೊತ್ತು ಬಂದ ನಾರಣಪ್ಪ ದೂರ್ವಾಸಪುರದ ಅಗ್ರಹಾರದಲ್ಲಿ ಸಾಯುತ್ತಾನೆ. ಆಚಾರಭ್ರಷ್ಟನಾದ ಅವನ ಶವಸಂಸ್ಕಾರವನ್ನು ಯಾರು ಮಾಡಬೇಕೆಂಬುದು ಪ್ರಶ್ನೆ. ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಿರುವಿಹಾಕುತ್ತಾರೆ, ಮಾರುತಿಯ ಗುಡಿಯಲ್ಲಿ ಉತ್ತರಕ್ಕಾಗಿ ಕಾಯುತ್ತಾರೆ. ಉತ್ತರ ಸಿಗುವುದಿಲ್ಲ, ಶವ ಕೊಳೆಯುತ್ತದೆ. ಚಂದ್ರಿ ಬಿಚ್ಚಿಟ್ಟ ಒಡವೆಗಳ ಮೇಲೆ ಉಳಿದವರ ಕಣ್ಣು ಬೀಳುತ್ತದೆ. ಕೊನೆಗೆ ಯಾರಿಗೂ ತಿಳಿಯದಂತೆ ರಾತ್ರಿ ಗಾಡಿ ತಂದು, ಸೌದೆ ಒಟ್ಟಿ, ಶವಕ್ಕೆ ಬೆಂಕಿ ಕೊಡುವುದು ಚಂದ್ರಿಯ ಕೋರಿಕೆಯಂತೆ ಬಂದ ಅಹಮದ್ ಬ್ಯಾರಿ.

ಅನಂತಮೂರ್ತಿಯವರೂ ತಮ್ಮ ಆಚಾರ್ಯರನ್ನು ಅಪಹಾಸ್ಯಕ್ಕೆ ಗುರಿಮಾಡುವುದಿಲ್ಲ. ಪನೆಲೂ ಅವರಂತೆ ಪ್ರಾಣೇಶಾಚಾರ್ಯರೂ ಪ್ರಾಮಾಣಿಕರು, ವಿದ್ವಾಂಸರು, ತ್ಯಾಗಿಗಳು. ಇಬ್ಬರನ್ನೂ ಸೋಲಿಸುವುದು ದುಷ್ಟತನವಲ್ಲ; ಎದುರಿಗಿರುವ ದೇಹಕ್ಕಿಂತ ಗ್ರಂಥದ ಉತ್ತರ ಮೊದಲು ಬರಬೇಕೆಂಬ ನಂಬಿಕೆ. ಆದರೆ ಒರಾನಿನಲ್ಲಿ ಕಾಣದ ನೆರೆಯವನು ಮಲೆನಾಡಿನ ಕಥೆಯಲ್ಲಿ ಬರುತ್ತಾನೆ. ಅವನು ವಾದಿಸುವುದಿಲ್ಲ, ಯಾರನ್ನೂ ಪರಿವರ್ತಿಸುವುದಿಲ್ಲ. ಪಂಡಿತರ ಚರ್ಚೆ ಮುಗಿಯುವ ಮುನ್ನವೇ ಸತ್ತವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತಾನೆ. ಒಳ್ಳೆಯ ಸಮಾರಿಯದವನ ಸಾಮತಿಯನ್ನು ಬೋಧಿಸುವ ನಮಗೆ ಈ ಗಾಡಿಯ ಸದ್ದು ಅಪರಿಚಿತವಾಗಬಾರದು.

ನಮ್ಮ ಪಾಲಿನ ಪಾಠ

2020ರಲ್ಲಿ ಭಾರತ ಅಹಮದ್ ಬ್ಯಾರಿಯನ್ನು ಮರೆತಿತು. ದೆಹಲಿಯ ನಿಜಾಮುದ್ದೀನಿನಲ್ಲಿ ನಡೆದ ತಬ್ಲೀಗಿ ಸಮಾವೇಶದಿಂದ ಸೋಂಕು ಹರಡಿದ್ದು ನಿಜ. ಆ ಅಜಾಗರೂಕತೆಯನ್ನು ಪ್ರಶ್ನಿಸಿದ್ದು ತಪ್ಪಲ್ಲ. ಆದರೆ ಕೆಲವೇ ದಿನಗಳಲ್ಲಿ ಒಂದು ಸಭೆಯ ಮೇಲಿನ ಟೀಕೆ ಒಂದು ಸಮುದಾಯದ ಮೇಲಿನ ಆರೋಪವಾಯಿತು. ಸೊಪ್ಪು ಹಣ್ಣು ಮಾರುವವರ ಹೆಸರು ಕೇಳಿ ಕೊಳ್ಳುವ ಸ್ಥಿತಿ ಬಂತು. ಆ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಗೊಳಿಸುತ್ತಾ, ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಎಂಬ ಅಭಿಪ್ರಾಯ ವ್ಯಕ್ತಪಡಿಸಿತು. ನಮ್ಮ ಚರಿತ್ರೆಗೂ ಈ ಪಾಪ ಹೊಸದಲ್ಲ. 1348ರ ಕರಾಳ ಮಾರಿಯ ಕಾಲದಲ್ಲಿ ಯೂರೋಪಿನ ಕ್ರೈಸ್ತರು ಬಾವಿಗಳಿಗೆ ವಿಷ ಬೆರೆಸಿದರೆಂದು ಯೆಹೂದ್ಯರನ್ನು ಕೊಂದರು. ಯೆಹೂದ್ಯರೂ ಅದೇ ರೋಗದಿಂದ ಸಾಯುತ್ತಿದ್ದಾರೆ, ಅವರು ಇಲ್ಲದ ನಾಡುಗಳಲ್ಲೂ ರೋಗವಿದೆ ಎಂದು ತೋರಿಸಿ ಪೋಪ್ ಆರನೆಯ ಕ್ಲೆಮೆಂಟ್ ಆ ಹತ್ಯೆಗಳನ್ನು ಖಂಡಿಸಬೇಕಾಯಿತು.

ಆದ್ದರಿಂದ ಎರಡು ಸುಲಭ ದಾರಿಗಳನ್ನು ನಾವು ಬಿಡಬೇಕು. ಸಂಕಟದ ಕಾಲದಲ್ಲಿ ಯಾರ ನಂಬಿಕೆಯನ್ನೂ ಪ್ರಶ್ನಿಸಬಾರದೆಂಬುದು ಒಂದು. ಮುಲಾಮು, ತೀರ್ಥ, ಅಭಿಷೇಕದ ಎಣ್ಣೆ ಇವು ಲಸಿಕೆಗೆ ಬದಲು ಎಂದು ಯಾರಾದರೂ ಬೋಧಿಸಿದರೆ, ಬೋಧಿಸಿದವರು ನಮ್ಮವರೇ ಆದರೂ, ಅದನ್ನು ವಿರೋಧಿಸುವುದು ದೈವಶಾಸ್ತ್ರದ ಕರ್ತವ್ಯ. ಸುಮ್ಮನಿರುವುದು ಅಲ್ಲಿ ಗೌರವವಲ್ಲ, ಉಪೇಕ್ಷೆ. ಪ್ರಾರ್ಥಿಸುವವನ ಎದುರು ಸಾವಿನ ಸಂಖ್ಯೆಯನ್ನು ಓದಿ ಗೆದ್ದೆನೆಂದುಕೊಳ್ಳುವುದು ಇನ್ನೊಂದು. ಪ್ರಾರ್ಥಿಸುವವನಿಗೆ ಆ ಸಂಖ್ಯೆ ಗೊತ್ತಿದೆ. ಅವನ ಮನೆಯವರೂ ಅದರೊಳಗಿದ್ದಾರೆ. ವಾದ ಮಾಡುವವರು ತಮ್ಮ ವಾದದ ಬೆಲೆ ತೆರುವವರ ಪಕ್ಕದಲ್ಲಿ ನಿಂತು ಮಾತನಾಡಬೇಕು. ‘ನೀವು’ ಎನ್ನುವ ಹಕ್ಕನ್ನು ಬಿಟ್ಟುಕೊಡದವರಿಗೆ, ಗುರುವಾಗಿರಲಿ ನಾಸ್ತಿಕನಾಗಿರಲಿ, ಮಾರಿಯ ನಡುವೆ ವಿಶ್ವಾಸದ ಬಗ್ಗೆ ಹೇಳಲು ಹೆಚ್ಚೇನೂ ಇರುವುದಿಲ್ಲ.

2021ರ ಮೇ ತಿಂಗಳಿನಲ್ಲಿ ಅದೇ ದಾದಿ ಮತ್ತೆ ಫೋನ್ ಮಾಡಿದರು. ತಮ್ಮ ವಾರ್ಡಿನಲ್ಲಿ ತೀರಿಕೊಂಡ ವೃದ್ಧರೊಬ್ಬರನ್ನು ಸಮಾಧಿ ಮಾಡಬೇಕು, ಮನೆಯವರೆಲ್ಲ ಸೋಂಕಿನಿಂದ ಮಲಗಿದ್ದಾರೆ, ಬರುತ್ತೀರಾ ಎಂದು ಕೇಳಿದರು. ಶವವನ್ನು ಹೊತ್ತ ನಾಲ್ವರು ಸ್ವಯಂಸೇವಕರು ಮುಖ ಕಾಣದ ಬಿಳಿ ಉಡುಪಿನಲ್ಲಿದ್ದರು. ಯಾರು ಯಾವ ಧರ್ಮದವರೆಂದು ನಾನು ಕೇಳಲಿಲ್ಲ. ಅಂದು ಪ್ರಬೋಧನೆ ಮಾಡಲಿಲ್ಲ. ಸಮಾಧಿಯ ಪ್ರಾರ್ಥನೆಯನ್ನು ಓದಿ, ಒಂದು ಹಿಡಿ ಮಣ್ಣು ಹಾಕಿದೆವು. ಆ ಸಹೋದರಿ ಇಂದಿಗೂ ನನ್ನ ಪ್ರಬೋಧನೆಗಳನ್ನು ಗಮನವಿಟ್ಟು ಕೇಳುತ್ತಾರೆ. ಒಪ್ಪಿಗೆಯಾಗದಿದ್ದರೆ ಫೋನ್ ಮಾಡುತ್ತಾರೆ.